ಕಾಚಂಪುಳಿಯ ಹುಳಿಗೆ ಹರಳಿನ ಸಾಕ್ಷಿ

ಆಷಾಢದ ಮಳೆ ಕೊಡಗಿನ ಬೆಟ್ಟಗಳ ಮೇಲೆ ಎಡೆಬಿಡದೆ ಸುರಿಯುವ ದಿನಗಳಲ್ಲಿ ಕಾಫಿ ತೋಟದ ನೆರಳಿನಲ್ಲೂ ಹೊಳೆಯಂಚಿನ ಕಾಡಿನಲ್ಲೂ ಪಣಪುಳಿ ಹಣ್ಣುಗಳು ಮಾಗಿ ಉದುರುತ್ತವೆ. ಹಳದಿ ಬಣ್ಣದ, ಪುಟ್ಟ ಕುಂಬಳಕಾಯಿಯಂತೆ ಉದ್ದಕ್ಕೂ ಏಣುಗಳಿರುವ ಈ ಹಣ್ಣುಗಳನ್ನು ಆಯ್ದು ತಂದು ಬುಟ್ಟಿಗೆ ತುಂಬಿ, ಕೆಳಗೊಂದು ಪಾತ್ರೆ ಇಡುತ್ತಾರೆ. ಹಣ್ಣು ಮೆತ್ತಗಾಗುತ್ತ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಒಲೆಯ ಮೇಲಿಟ್ಟು ಗಂಟೆಗಟ್ಟಲೆ ಕುದಿಸಿದರೆ ಕೊನೆಗೆ ಉಳಿಯುವುದು ಕಾಡಿಗೆಯಷ್ಟು ಕಪ್ಪಾದ, ಬೆಲ್ಲದ ಪಾಕದಂತೆ ಮಂದವಾದ ಕಾಚಂಪುಳಿ. ಬಾಟಲಿಗೆ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಪಂದಿಕರಿ ಒಲೆಯಿಂದ ಇಳಿಯುವ ಮುನ್ನ ಇದು ಒಂದೆರಡು ಚಮಚ ಬೀಳದಿದ್ದರೆ ಕೊಡಗಿನವರ ಬಾಯಿಗೆ ಅದು ಪಂದಿಕರಿಯೇ ಅಲ್ಲ.

ನಿಂಬೆಯ ಹುಳಿಗೆ ಕಾರಣ ಸಿಟ್ರಿಕ್ ಆಮ್ಲ. ಹುಣಸೆಯದು ಟಾರ್ಟಾರಿಕ್ ಆಮ್ಲ, ಮೊಸರಿನದು ಲ್ಯಾಕ್ಟಿಕ್ ಆಮ್ಲ. ಇದು ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು. ಹಾಗಾದರೆ ಕಾಚಂಪುಳಿಯಲ್ಲಿರುವ ಆಮ್ಲ ಯಾವುದು? ಈ ಸರಳ ಪ್ರಶ್ನೆಗೆ ಉತ್ತರ ಹುಡುಕಹೊರಟ ದಾರಿ ಮೈಸೂರಿನಿಂದ ಅಮೆರಿಕದ ಫಿಲಡೆಲ್ಫಿಯಾದವರೆಗೆ ಹೋಯಿತು. ಅಲ್ಲಿ ಒಬ್ಬ ಮಹಿಳಾ ರಸಾಯನ ವಿಜ್ಞಾನಿ ಈ ಹುಳಿಯ ಹರಳಿಗೆ ಕ್ಷ-ಕಿರಣ ಹಾಯಿಸಿ, ಅದರ ಒಂದೊಂದು ಪರಮಾಣು ಎಲ್ಲಿ ಕುಳಿತಿದೆ ಎಂಬುದನ್ನು ಗುರುತಿಸಿದರು. ಅದೇ ಆಮ್ಲ ಮುಂದೆ ತೂಕ ಇಳಿಸುವ ಗುಳಿಗೆಯಾಗಿ ಜಗತ್ತಿನ ಔಷಧಿ ಅಂಗಡಿಗಳ ಕಪಾಟು ಸೇರಿತು. ಹರಳು ಹೇಳಿದ್ದೇನು, ಗುಳಿಗೆ ಮಾರುವವರು ಹೇಳಿದ್ದೇನು ಎಂಬುದನ್ನು ಬೇರೆಬೇರೆಯಾಗಿ ನೋಡುವುದು ಈಗ ಅಗತ್ಯವಾಗಿದೆ.

ಮೈಸೂರಿನ ಪತ್ತೆ

ಪಣಪುಳಿ ಮರದ ಸಸ್ಯಶಾಸ್ತ್ರೀಯ ಹೆಸರು ಗಾರ್ಸಿನಿಯಾ ಗಮ್ಮಿ-ಗುಟ್ಟಾ. ಹಳೆಯ ಪುಸ್ತಕಗಳಲ್ಲಿ ಗಾರ್ಸಿನಿಯಾ ಕ್ಯಾಂಬೋಜಿಯಾ. ಉತ್ತರ ಕನ್ನಡದವರಿಗೆ ಇದು ಉಪ್ಪಾಗೆ, ಕೇರಳದವರಿಗೆ ಕುಡಂಪುಳಿ, ಶ್ರೀಲಂಕಾದವರಿಗೆ ಗೊರಕ. ಕರಾವಳಿಯ ಪುನರ್ಪುಳಿ ಅಥವಾ ಮುರುಗಲು ಇದರ ಹತ್ತಿರದ ನೆಂಟ. ಪಶ್ಚಿಮಘಟ್ಟದ ಕೆಳಗೂ ಮೇಲೂ ಮೀನು ಕೆಡದಂತೆ ಇಡಲು, ಸಾರಿಗೆ ಹುಳಿ ಹಾಕಲು ಇದರ ಒಣಸಿಪ್ಪೆ ಬಳಕೆಯಲ್ಲಿದೆ. ಇದರಲ್ಲಿರುವುದು ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಮ್ಲವೇ ಇರಬೇಕು ಎಂದು ಬಹುಕಾಲ ನಂಬಲಾಗಿತ್ತು.

ಆ ನಂಬಿಕೆಯನ್ನು ಅಲ್ಲಗಳೆದದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ. ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಈ ಸಂಸ್ಥೆಯ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಹಣ್ಣಿನ ಸಿಪ್ಪೆಯಿಂದ ಆಮ್ಲವನ್ನು ಬೇರ್ಪಡಿಸಿ, ಶುದ್ಧಮಾಡಿ, ಪರೀಕ್ಷಿಸಿದರು. ಅದರಲ್ಲಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಪ್ರಕಟಿಸಿದರು. ಒಣಗಿದ ಸಿಪ್ಪೆಯ ತೂಕದಲ್ಲಿ ನೂರಕ್ಕೆ ಹತ್ತರಿಂದ ಮೂವತ್ತು ಭಾಗದವರೆಗೂ ಇದೇ ಆಮ್ಲವಿರುತ್ತದೆ.

ಹೆಸರು ಉದ್ದವಾದರೂ ವಿಷಯ ಸರಳ. ಸಿಟ್ರಿಕ್ ಆಮ್ಲದ ಅಣುವಿನಲ್ಲಿ ಆರು ಇಂಗಾಲ, ಎಂಟು ಹೈಡ್ರೋಜನ್, ಏಳು ಆಮ್ಲಜನಕದ ಪರಮಾಣುಗಳಿವೆ. ಅದಕ್ಕೆ ಇನ್ನೊಂದು ಆಮ್ಲಜನಕ ಸೇರಿದರೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅಂದರೆ ಕಾಚಂಪುಳಿಯೂ ನಿಂಬೆಹುಳಿಯೂ ಅಣ್ಣತಮ್ಮಂದಿರು. ರಸವನ್ನು ಒಲೆಯ ಮೇಲೆ ಬತ್ತಿಸುವಾಗ ಇನ್ನೊಂದು ಬದಲಾವಣೆಯೂ ನಡೆಯುತ್ತದೆ. ಅಣು ತನ್ನೊಳಗಿನಿಂದಲೇ ಒಂದು ನೀರಿನ ಅಣುವನ್ನು ಕಳೆದುಕೊಂಡು, ತನ್ನ ತುದಿಯನ್ನು ತಾನೇ ಹಿಡಿದು ಉಂಗುರದಂತೆ ಮುಚ್ಚಿಕೊಳ್ಳುತ್ತದೆ. ಈ ಉಂಗುರರೂಪಕ್ಕೆ ಲ್ಯಾಕ್ಟೋನ್ ಎಂದು ಹೆಸರು. ಪಣಪುಳಿಯ ಈ ಲ್ಯಾಕ್ಟೋನನ್ನು ಗಾರ್ಸಿನಿಯಾ ಆಮ್ಲ ಎಂದು ಕರೆಯುತ್ತಾರೆ.

ಮೈಸೂರಿನ ಕೆಲಸದಿಂದ ಆಮ್ಲದ ಹೆಸರು ತಿಳಿಯಿತು. ಆದರೆ ಅದರ ಪರಮಾಣುಗಳು ಮೂರು ಆಯಾಮದ ಜಾಗದಲ್ಲಿ ಹೇಗೆ ನಿಂತಿವೆ? ಅದನ್ನು ಹೇಳಬಲ್ಲದ್ದು ಹರಳು ಮಾತ್ರ.

ಆಕ್ಸ್‌ಫರ್ಡಿನಿಂದ ಫಿಲಡೆಲ್ಫಿಯಾಕ್ಕೆ

ಹರಳನ್ನು ಮಾತಾಡಿಸಿದವರು ಜೆನ್ನಿ ಗ್ಲಸ್ಕರ್. 1931ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವೈದ್ಯ ದಂಪತಿಗಳ ಮಗಳಾಗಿ ಹುಟ್ಟಿದ ಆಕೆ ಆರಿಸಿಕೊಂಡದ್ದು ರಸಾಯನಶಾಸ್ತ್ರವನ್ನು. ಆಕ್ಸ್‌ಫರ್ಡಿನಲ್ಲಿ ಅವರಿಗೆ ಗುರುವಾಗಿ ಸಿಕ್ಕಿದವರು ಡೊರೊತಿ ಹಾಜ್‌ಕಿನ್. ಪೆನಿಸಿಲಿನ್ ಮತ್ತು ಬಿ-12 ಜೀವಸತ್ವದ ಅಣುರಚನೆಯನ್ನು ಹರಳುಗಳ ಮೂಲಕ ಬಿಡಿಸಿ 1964ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿ ಅವರು. ಬಿ-12ರಿಂದ ಪಡೆದ ಒಂದು ಆಮ್ಲದ ಹರಳಿನ ಮೇಲೆ ಗ್ಲಸ್ಕರ್ ಮಾಡಿದ ಕೆಲಸ ಆ ದೊಡ್ಡ ಒಗಟನ್ನು ಬಿಡಿಸಲು ನೆರವಾಯಿತು.

ಮದುವೆಯ ನಂತರ ಅಮೆರಿಕಕ್ಕೆ ಹೋದ ಅವರು 1956ರಲ್ಲಿ ಫಿಲಡೆಲ್ಫಿಯಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ಎ. ಎಲ್. ಪ್ಯಾಟರ್ಸನ್ ಅವರ ಪ್ರಯೋಗಶಾಲೆ ಸೇರಿದರು. ಹರಳುಶಾಸ್ತ್ರ ಓದಿದ ಯಾರಿಗೂ ಪ್ಯಾಟರ್ಸನ್ ಹೆಸರು ಅಪರಿಚಿತವಲ್ಲ. ಕ್ಷ-ಕಿರಣ ಚಿತ್ರದ ಚುಕ್ಕೆಗಳಿಂದ ಪರಮಾಣುಗಳ ನಡುವಣ ಅಂತರಗಳ ನಕ್ಷೆ ತೆಗೆಯುವ ಗಣಿತವನ್ನು 1934ರಲ್ಲಿ ಕೊಟ್ಟವರು ಅವರು. ಊರಿನ ಮನೆಗಳು ಎಲ್ಲೆಲ್ಲಿವೆ ಎಂದು ಗೊತ್ತಿಲ್ಲದಿದ್ದರೂ ಯಾವ ಎರಡು ಮನೆಗಳ ನಡುವೆ ಎಷ್ಟು ದೂರ, ಯಾವ ದಿಕ್ಕು ಎಂಬ ಪಟ್ಟಿ ಸಿಕ್ಕಿದರೆ ಊರಿನ ನಕ್ಷೆ ಬರೆಯಬಹುದಲ್ಲವೆ? ಅಂಥದೇ ಕೆಲಸವದು. 1966ರಲ್ಲಿ ಪ್ಯಾಟರ್ಸನ್ ತೀರಿಕೊಂಡ ಮೇಲೆ ಪ್ರಯೋಗಶಾಲೆಯ ಹೊಣೆ ಗ್ಲಸ್ಕರ್ ಹೆಗಲಿಗೆ ಬಂತು.

ಅವರು ಹಿಡಿದ ವಿಷಯ ಸಿಟ್ರಿಕ್ ಆಮ್ಲ. ನಿಂಬೆಯ ಹುಳಿಗೂ ಕ್ಯಾನ್ಸರ್ ಸಂಸ್ಥೆಗೂ ಏನು ಸಂಬಂಧ ಎಂದು ಆಶ್ಚರ್ಯಪಡಬೇಕಾಗಿಲ್ಲ. ತಿಂದ ಅನ್ನ ಶಕ್ತಿಯಾಗುವ ದಾರಿಯಲ್ಲಿ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಸಿಟ್ರಿಕ್ ಆಮ್ಲ ಹುಟ್ಟುತ್ತದೆ, ಮಾರ್ಪಡುತ್ತದೆ. ಅಕೋನಿಟೇಸ್ ಎಂಬ ಕಿಣ್ವ ಸಿಟ್ರಿಕ್ ಆಮ್ಲದ ಒಂದು ಹೈಡ್ರಾಕ್ಸಿಲ್ ಗುಂಪನ್ನು ಪಕ್ಕದ ಇಂಗಾಲಕ್ಕೆ ಸಾಗಿಸುತ್ತದೆ. ಇಷ್ಟು ಚಿಕ್ಕ ಅದಲುಬದಲನ್ನು ಕಿಣ್ವ ತಪ್ಪಿಲ್ಲದೆ ಮಾಡುವುದು ಹೇಗೆ? ಇದನ್ನು ತಿಳಿಯಲು ಸೋಡಿಯಂ, ಲಿಥಿಯಂ, ರುಬಿಡಿಯಂ, ಮ್ಯಾಗ್ನೀಸಿಯಂ ಮೊದಲಾದ ಲೋಹಗಳೊಂದಿಗೆ ಸಿಟ್ರಿಕ್ ಆಮ್ಲದ ಲವಣಗಳ ಹರಳುಗಳನ್ನು ಬೆಳೆಸಿ ಆ ಪ್ರಯೋಗಶಾಲೆಯಲ್ಲಿ ಒಂದೊಂದಾಗಿ ಅಳೆದರು.

ಅಳತೆಗಳ ಆಧಾರದ ಮೇಲೆ ಗ್ಲಸ್ಕರ್ 1968ರಲ್ಲಿ ಒಂದು ವಿವರಣೆ ಮುಂದಿಟ್ಟರು. ಕಿಣ್ವದಲ್ಲಿರುವ ಕಬ್ಬಿಣದ ಪರಮಾಣು ಅಚ್ಚಿನಂತೆ ನಿಲ್ಲುತ್ತದೆ, ಆಮ್ಲದ ಅಣು ಜಾತ್ರೆಯ ತೊಟ್ಟಿಲಿನಂತೆ ಅದರ ಸುತ್ತ ತಿರುಗಿ ಇನ್ನೊಂದು ಮಗ್ಗುಲು ತೋರಿಸುತ್ತದೆ ಎಂದು. ಅಲ್ಲಿರುವುದು ಒಂಟಿ ಕಬ್ಬಿಣವಲ್ಲ, ನಾಲ್ಕು ಕಬ್ಬಿಣ ನಾಲ್ಕು ಗಂಧಕಗಳ ಗೊಂಚಲು ಎಂಬುದು ಮುಂದೆ ತಿಳಿದುಬಂತು. ವಿವರ ಬದಲಾಯಿತು. ಆದರೆ ಆ ಗೊಂಚಲಿನ ಒಂದು ಕಬ್ಬಿಣಕ್ಕೆ ಆಮ್ಲ ಅಂಟಿಕೊಳ್ಳುತ್ತದೆ, ನಡುವೆ ಮಗ್ಗುಲು ಬದಲಿಸುತ್ತದೆ ಎಂಬ ಅಂಶ ಉಳಿದುಕೊಂಡಿತು.

ಸಿಟ್ರಿಕ್ ಆಮ್ಲದ ಇಡೀ ಬಳಗವನ್ನು ಹೀಗೆ ಅಳೆಯುತ್ತಿದ್ದವರ ಮೇಜಿಗೆ ಗಾರ್ಸಿನಿಯಾ ಆಮ್ಲವೂ ಬಂದದ್ದು ಸಹಜ.

ಹರಳನ್ನು ಓದುವ ಬಗೆ

ಅಡಿಕೆ ತೋಟದ ಪಕ್ಕದ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಒಂದು ವಿಚಿತ್ರ ಕಾಣುತ್ತದೆ. ಮರಗಳು ಒಮ್ಮೆ ಗುಂಪುಗುಂಪಾಗಿ ಅಡ್ಡಾದಿಡ್ಡಿ ತೋರುತ್ತವೆ. ಮರುಕ್ಷಣ ಒಂದು ಕೋನದಿಂದ ಎಲ್ಲವೂ ನೇರ ಸಾಲಾಗಿ, ಸಾಲುಗಳ ನಡುವಿನಿಂದ ತೋಟದ ಆಚೆಯ ಬೆಳಕು ಕಾಣುತ್ತದೆ. ಹರಳಿನೊಳಗೆ ಅಣುಗಳೂ ಹಾಗೆಯೇ ಸಾಲುಸಾಲಾಗಿ ನೆಟ್ಟಂತಿರುತ್ತವೆ. ಕೆಲವು ನಿಗದಿತ ಕೋನಗಳಲ್ಲಿ ಮಾತ್ರ ಈ ಸಾಲುಗಳಿಂದ ಚದುರಿದ ಕ್ಷ-ಕಿರಣಗಳು ಒಂದನ್ನೊಂದು ಬಲಪಡಿಸಿ ಹೊರಗೆ ಚುಕ್ಕೆಗಳಾಗಿ ಮೂಡುತ್ತವೆ.

ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಪರಮಾಣು ಕಾಣದು. ಬೆಳಕಿನ ಅಲೆ ಅದಕ್ಕಿಂತ ಸಾವಿರಾರು ಪಟ್ಟು ಉದ್ದ. ತಾಮ್ರದಿಂದ ಹೊರಡುವ ಕ್ಷ-ಕಿರಣದ ಅಲೆಯುದ್ದ 1.54 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗ. ಎರಡು ಇಂಗಾಲ ಪರಮಾಣುಗಳ ನಡುವಣ ಸಾಮಾನ್ಯ ಬಂಧದ ಉದ್ದವೂ ಸುಮಾರು ಅಷ್ಟೇ. ಆದ್ದರಿಂದಲೇ ಅಣುವಿನ ಅಳತೆಗೆ ಕ್ಷ-ಕಿರಣ ಸರಿಯಾದ ಕೋಲು.

ಹರಳಿನಲ್ಲಿ ಅಣುಗಳು ಬರಿದೆ ಒಟ್ಟಿರುವುದಿಲ್ಲ, ಪರಸ್ಪರ ಹಿಡಿದುಕೊಂಡಿರುತ್ತವೆ. ಒಂದು ಅಣುವಿನ ಆಮ್ಲಜನಕಕ್ಕೆ ಅಂಟಿದ ಹೈಡ್ರೋಜನ್ ಪಕ್ಕದ ಅಣುವಿನ ಆಮ್ಲಜನಕದ ಕಡೆಗೆ ವಾಲುತ್ತದೆ. ಇದೇ ಹೈಡ್ರೋಜನ್ ಬಂಧ. ಒಂಟಿಯಾಗಿ ಇದು ದುರ್ಬಲ. ಹಲವು ಸೇರಿದರೆ ಹರಳನ್ನೇ ಕಟ್ಟುತ್ತದೆ. ಅಣು ಹರಳಿನಲ್ಲಿ ಯಾವ ಕೈಯಿಂದ ನೆರೆಯವರನ್ನು ಹಿಡಿಯುತ್ತದೆ ಎಂದು ನೋಡಿದರೆ, ದೇಹದೊಳಗಿನ ಕಿಣ್ವವನ್ನು ಹೇಗೆ ಹಿಡಿಯಬಹುದು ಎಂದು ಊಹಿಸಬಹುದು. ಗ್ಲಸ್ಕರ್ ಅವರ ಇಡೀ ವೃತ್ತಿಜೀವನ ನಿಂತದ್ದು ಈ ತರ್ಕದ ಮೇಲೆ. ಕ್ಯಾನ್ಸರ್ ತರುವ ರಾಸಾಯನಿಕಗಳಾಗಲಿ, ಪ್ರೋಟೀನುಗಳು ಲೋಹಗಳನ್ನು ಹಿಡಿಯುವ ರೀತಿಯಾಗಲಿ, ಅವರು ಕೇಳಿದ ಪ್ರಶ್ನೆ ಒಂದೇ: ಆಕಾರ ಯಾವುದು, ಹಿಡಿತ ಎಲ್ಲಿ? ಕೆನೆತ್ ಟ್ರೂಬ್ಲಡ್ ಜೊತೆ ಅವರು 1972ರಲ್ಲಿ ಹೊರತಂದ ಹರಳುರಚನೆಯ ಪ್ರವೇಶಿಕೆ ಹೊಸಬರಿಗೆ ಕೈಪಿಡಿಯಾಯಿತು. 1979ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಗಾರ್ವನ್ ಪದಕ ಅವರಿಗೆ ಸಂದಿತು.

ಎಡಗಾಲು, ಬಲಗಾಲು

ಹೈಡ್ರಾಕ್ಸಿಸಿಟ್ರಿಕ್ ಆಮ್ಲದಲ್ಲಿ ಇನ್ನೊಂದು ತೊಡಕಿತ್ತು. ಎಡಗಾಲಿನ ಚಪ್ಪಲಿಯೂ ಬಲಗಾಲಿನ ಚಪ್ಪಲಿಯೂ ಒಂದೇ ಚರ್ಮ, ಒಂದೇ ಅಳತೆ. ಆದರೂ ಒಂದು ಕಾಲಿನದು ಇನ್ನೊಂದಕ್ಕೆ ಕೂಡದು. ಕನ್ನಡಿಯ ಪ್ರತಿಬಿಂಬದಂತಿರುವ ಇಂಥ ಜೋಡಿ ಅಣುಗಳಲ್ಲೂ ಉಂಟು. ಹೈಡ್ರಾಕ್ಸಿಸಿಟ್ರಿಕ್ ಆಮ್ಲದಲ್ಲಿ ಹೀಗೆ ಎಡಬಲ ಆಗಬಲ್ಲ ಇಂಗಾಲಗಳು ಎರಡು. ಆದ್ದರಿಂದ ಒಟ್ಟು ನಾಲ್ಕು ರೂಪಗಳು ಸಾಧ್ಯ. ಪ್ರಕೃತಿಯಲ್ಲಿ ಮುಖ್ಯವಾಗಿ ಕಂಡವು ಎರಡು: ಒಂದು ಪಣಪುಳಿಯದು, ಇನ್ನೊಂದು ಕೆಂಪು ಪುಂಡಿಯದು. ಪುಂಡಿಪಲ್ಯ ಉಣ್ಣುವ ಉತ್ತರ ಕರ್ನಾಟಕದವರಿಗೂ ಪಂದಿಕರಿ ಉಣ್ಣುವ ಕೊಡಗಿನವರಿಗೂ ಹೀಗೊಂದು ಗುಪ್ತ ನೆಂಟಸ್ತಿಕೆ ಇದೆ ಎನ್ನಬಹುದು!

ಯಾವುದು ಎಡ, ಯಾವುದು ಬಲ ಎಂದು ನಿರ್ಧರಿಸುವುದು ಸುಲಭವಲ್ಲ. ಸಾಮಾನ್ಯ ಕ್ಷ-ಕಿರಣ ಚಿತ್ರ ಅಣುವಿಗೂ ಅದರ ಪ್ರತಿಬಿಂಬಕ್ಕೂ ಭೇದ ತೋರಿಸದು. ಹರಳಿನಲ್ಲಿ ಸ್ವಲ್ಪ ಭಾರವಾದ ಪರಮಾಣು ಇದ್ದರೆ ಮಾತ್ರ ಅದು ಕಿರಣವನ್ನು ತುಸು ತಡೆದು ಚದುರಿಸುವುದರಿಂದ, ಸಮನಾಗಿರಬೇಕಾದ ಜೋಡಿ ಚುಕ್ಕೆಗಳ ತೀವ್ರತೆಯಲ್ಲಿ ಅಲ್ಪ ವ್ಯತ್ಯಾಸ ಕಾಣುತ್ತದೆ. ಹಾಲೆಂಡಿನ ಬೈವೂಟ್ 1951ರಲ್ಲಿ ಹುಣಸೆಹುಳಿಯ ಟಾರ್ಟಾರಿಕ್ ಆಮ್ಲದ ಲವಣವೊಂದರ ಮೇಲೆ ಈ ಉಪಾಯದಿಂದ ಎಡಬಲವನ್ನು ಮೊದಲ ಬಾರಿಗೆ ಖಚಿತಪಡಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಾಮಶೇಷನ್ ಮತ್ತು ಸಂಗಡಿಗರೂ 1950ರ ದಶಕದಲ್ಲಿ ಇದೇ ಚದುರಿಕೆಯನ್ನು ಬಳಸಿ ಹರಳುಗಳನ್ನು ಬಿಡಿಸುವ ದಾರಿ ತೋರಿದ್ದರು.

ಗ್ಲಸ್ಕರ್ ಮತ್ತು ಸಹೋದ್ಯೋಗಿಗಳು ಎರಡು ಆಮ್ಲಗಳ ಎಡಬಲವನ್ನೂ 1969ರಲ್ಲಿ ವರದಿಮಾಡಿದರು. ಗಾರ್ಸಿನಿಯಾ ಆಮ್ಲದ ಕ್ಯಾಲ್ಸಿಯಂ ಲವಣದ ಪೂರ್ಣ ಹರಳುರಚನೆ 1971ರಲ್ಲೂ, ಪುಂಡಿಯ ಆಮ್ಲದ್ದು 1972ರಲ್ಲೂ ಪ್ರಕಟವಾದವು. ಎರಡರಲ್ಲೂ ಇರುವುದು ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯವು. ಒಂದು ಹೈಡ್ರಾಕ್ಸಿಲ್ ಗುಂಪು ಎತ್ತ ಮುಖ ಮಾಡಿದೆ ಎಂಬುದಷ್ಟೇ ವ್ಯತ್ಯಾಸ.

ಬೀಗಕ್ಕೆ ಸಿಕ್ಕಿಕೊಂಡ ಕೀಲಿ

ಆ ಒಂದು ತಿರುವಿನ ಬೆಲೆ ಎಷ್ಟು ಎಂಬುದು ಅದೇ 1969ರಲ್ಲಿ ಗೊತ್ತಾಯಿತು. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ತಂಡ ಪಣಪುಳಿಯ ಆಮ್ಲ ಒಂದು ಕಿಣ್ವವನ್ನು ಬಲವಾಗಿ ತಡೆಯುತ್ತದೆ ಎಂದು ತೋರಿಸಿತು. ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಈ ಕಿಣ್ವ ಸಿಟ್ರಿಕ್ ಆಮ್ಲವನ್ನು ಸೀಳಿ, ಕೊಬ್ಬು ಮತ್ತು ಕೊಲೆಸ್ಟರಾಲ್ ತಯಾರಿಕೆಗೆ ಬೇಕಾದ ಕಚ್ಚಾವಸ್ತುವನ್ನು ಒದಗಿಸುತ್ತದೆ. ಸಿಟ್ರಿಕ್ ಆಮ್ಲ ಕೂರಬೇಕಾದ ಜಾಗದಲ್ಲಿ ಅದರಂತೆಯೇ ಕಾಣುವ ಪಣಪುಳಿಯ ಆಮ್ಲ ಬಂದು ಕುಳಿತರೆ, ಬೀಗಕ್ಕೆ ಹೊಕ್ಕ ತಪ್ಪು ಕೀಲಿಯಂತೆ ಅದು ತಿರುಗುವುದೂ ಇಲ್ಲ, ಬೇರೆ ಕೀಲಿಗೆ ಎಡೆಕೊಡುವುದೂ ಇಲ್ಲ. ನಾಲ್ಕು ರೂಪಗಳಲ್ಲಿ ಹೀಗೆ ಬಲವಾಗಿ ತಡೆಯುವುದು ಪಣಪುಳಿಯ ರೂಪ ಮಾತ್ರ. ಅದನ್ನು ತಿನ್ನಿಸಿದ ಇಲಿಗಳಲ್ಲಿ ಕೊಬ್ಬಿನ ತಯಾರಿಕೆ ಕಡಿಮೆಯಾದುದನ್ನು 1970ರ ದಶಕದ ಪ್ರಯೋಗಗಳು ತೋರಿಸಿದವು.

ಮನುಷ್ಯನ ಈ ಕಿಣ್ವದಲ್ಲಿ ಪಣಪುಳಿಯ ಆಮ್ಲ ಕುಳಿತಿರುವ ಹರಳುರಚನೆಯನ್ನು 2017ರಲ್ಲಿ ಕೆನಡಾದ ಕ್ಯಾಲ್ಗರಿಯ ವಿಜ್ಞಾನಿಗಳು ಪ್ರಕಟಿಸಿದರು. ಸಿಟ್ರಿಕ್ ಆಮ್ಲ ಯಾವ ಭಂಗಿಯಲ್ಲಿ ಕೂರುತ್ತದೋ ಅದೇ ಭಂಗಿಯಲ್ಲಿ ಇದೂ ಕುಳಿತಿತ್ತು.

ಗುಳಿಗೆಯ ಕಾಲ

ಇಲ್ಲಿಯವರೆಗೆ ನಡೆದದ್ದು ವಿಜ್ಞಾನ. ಮುಂದಿನದು ಬಹುಪಾಲು ವ್ಯಾಪಾರ. 1990ರ ದಶಕದಲ್ಲಿ ‘ಗಾರ್ಸಿನಿಯಾ’ ಗುಳಿಗೆಗಳು ಪಾಶ್ಚಾತ್ಯ ದೇಶಗಳ ಮಾರುಕಟ್ಟೆಗೆ ಲಗ್ಗೆಯಿಟ್ಟವು. ಕೊಬ್ಬು ತಯಾರಿಸುವ ಕಿಣ್ವವನ್ನು ತಡೆದರೆ ಮೈಯ ಬೊಜ್ಜು ಕರಗಬೇಕಲ್ಲ ಎಂಬ ವಾದ ಕೇಳುವುದಕ್ಕೆ ಸೊಗಸಾಗಿತ್ತು. ಬೇಡಿಕೆ ಹೆಚ್ಚಿದಂತೆ ಪಶ್ಚಿಮಘಟ್ಟದ ಕಾಡುಗಳಲ್ಲಿ ಹಣ್ಣು ಮಾಗುವ ಮೊದಲೇ ಕೀಳುವುದು, ಕೊಂಬೆ ಕಡಿಯುವುದು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ಸೌದೆ ಸುಡುವುದು ನಡೆಯಿತು.

ಆದರೆ ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲೂ ಕಾಣುತ್ತದೆಯೇ? ನ್ಯೂಯಾರ್ಕಿನಲ್ಲಿ ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರು ತೂಕ ಹೆಚ್ಚಿದ್ದ 135 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಸತ್ವಹೀನ ಗುಳಿಗೆ. ಇಬ್ಬರಿಗೂ ಒಂದೇ ಮಿತಾಹಾರ. ಯಾರಿಗೆ ಯಾವುದು ಎಂದು ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಹನ್ನೆರಡು ವಾರಗಳ ಬಳಿಕ ಆಮ್ಲ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು, ಸತ್ವಹೀನ ಗುಳಿಗೆ ತಿಂದವರು 4.1 ಕಿಲೋ! ಈ ಅಂತರವೂ ಆಕಸ್ಮಿಕದ ಮಿತಿಯೊಳಗಿನದೇ. ಅಂದರೆ ತೂಕ ಇಳಿಸಿದ್ದು ಮಿತಾಹಾರ, ಗುಳಿಗೆಯಲ್ಲ. ಫಲಿತಾಂಶ 1998ರಲ್ಲಿ ಪ್ರಕಟವಾಯಿತು.

ಗುಳಿಗೆ ನಿರುಪಯುಕ್ತವಾದರೆ ಹೋಗಲಿ, ಅಪಾಯಕಾರಿಯೂ ಆದರೆ? ಗಾರ್ಸಿನಿಯಾ ಸತ್ವವಿರುವ ಗುಳಿಗೆಗಳನ್ನು ನುಂಗಿದ ಕೆಲವರಲ್ಲಿ ಯಕೃತ್ತಿಗೆ ತೀವ್ರ ಪೆಟ್ಟುಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2025ರಲ್ಲಿ ಇಂಥ ಗುಳಿಗೆಗಳನ್ನು ಬಳಸಬೇಡಿರೆಂದೇ ಸಲಹೆ ನೀಡಿತು. ‘ಹಣ್ಣಿನದು, ಹಾಗಾಗಿ ನಿರಪಾಯ’ ಎಂಬ ಮಾತಿಗೆ ಅರ್ಥವಿಲ್ಲ. ಪಂದಿಕರಿಗೆ ಇಡೀ ಮನೆಗೆಂದು ಬೀಳುವ ಒಂದೆರಡು ಚಮಚವೇ ಬೇರೆ, ಸತ್ವವನ್ನು ಹಿಂಡಿ ತಿಂಗಳುಗಟ್ಟಲೆ ದಿನವೂ ನುಂಗುವ ಗುಳಿಗೆಯೇ ಬೇರೆ.

ಹಾಗೆಂದು ಕಿಣ್ವದ ಕಥೆ ಸುಳ್ಳಾಗಲಿಲ್ಲ. ಅದೇ ಬೀಗಕ್ಕೆ ಬೇರೆ ಕೀಲಿ ಹುಡುಕುವ ಕೆಲಸ ನಡೆದು, ಬೆಂಪಿಡೋಯಿಕ್ ಆಮ್ಲ ಎಂಬ ಔಷಧ ಕೊಲೆಸ್ಟರಾಲ್ ಇಳಿಸಲು 2020ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಅದು ಪಣಪುಳಿಯಿಂದ ಬಂದದ್ದಲ್ಲ. ಆದರೆ ತಡೆಯುವುದು ಪಣಪುಳಿ ತಡೆಯುವ ಕಿಣ್ವವನ್ನೇ.

ಕಲ್ಲಿನ ಮೇಲೆ ಹುಳಿ

ಪಣಪುಳಿಯ ಆಮ್ಲಕ್ಕೆ 2016ರಲ್ಲಿ ಇನ್ನೊಂದು ತಿರುವು ಸಿಕ್ಕಿತು. ಈ ಬಾರಿ ಹರಳಾಗುವ ಗುಣದಿಂದಲ್ಲ, ಹರಳನ್ನು ಕೆಡಿಸುವ ಗುಣದಿಂದ. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು. ಕಲ್ಲು ಬೆಳೆಯದಂತೆ ತಡೆಯಲು ವೈದ್ಯರು ಸಿಟ್ರೇಟ್ ಕೊಡುವುದು ಹಳೆಯ ಕ್ರಮ. ಹ್ಯೂಸ್ಟನ್ ವಿಶ್ವವಿದ್ಯಾಲಯದ ಜೆಫ್ರಿ ರೈಮರ್ ತಂಡ ಸಿಟ್ರೇಟಿನ ಜೊತೆಗೆ ಅದರ ತಮ್ಮನಾದ ಹೈಡ್ರಾಕ್ಸಿಸಿಟ್ರೇಟನ್ನೂ ಪರೀಕ್ಷಿಸಿತು. ಅದು ಕಲ್ಲಿನ ಹರಳಿನ ಮೈಗೆ ಅಂಟಿ, ಅಲ್ಲಿನ ಕಟ್ಟಡವನ್ನು ಸಡಿಲಿಸಿ, ಕೆಲವು ಪರಿಸ್ಥಿತಿಗಳಲ್ಲಿ ಬೆಳೆದ ಹರಳನ್ನೂ ಕರಗಿಸುತ್ತಿತ್ತು. ಮೂರು ದಿನ ಈ ಆಮ್ಲ ಸೇವಿಸಿದ ಏಳು ಮಂದಿಯ ಮೂತ್ರದಲ್ಲಿ ಅದು ಹೊರಬರುವುದೂ ಕಂಡಿತು.

ಇದು ಪ್ರಯೋಗಶಾಲೆಯ ಫಲಿತಾಂಶ. ಕಲ್ಲಿನ ರೋಗಿಗಳಿಗೆ ಚಿಕಿತ್ಸೆಯಾಗಬೇಕಾದರೆ ಬಹಳ ಜನರ ಮೇಲೆ, ಬಹಳ ಕಾಲ ಪರೀಕ್ಷೆ ಆಗಬೇಕು. ತೂಕದ ಗುಳಿಗೆಯ ವಿಷಯದಲ್ಲಿ ಆದ ಆತುರ ಇಲ್ಲಿ ಆಗಬಾರದು. ಕಲ್ಲಿನ ನೋವಿದ್ದವರು ಕಾಚಂಪುಳಿ ಬಾಟಲಿಯ ಬಳಿಗಲ್ಲ, ವೈದ್ಯರ ಬಳಿಗೆ ಹೋಗಬೇಕು.

ಜೆನ್ನಿ ಗ್ಲಸ್ಕರ್ ಹೇಳಿದ್ದು ತೂಕದ ಬಗ್ಗೆಯೂ ಅಲ್ಲ, ಕಲ್ಲಿನ ಬಗ್ಗೆಯೂ ಅಲ್ಲ. ಈ ಅಣುವಿನಲ್ಲಿ ಇಂಥ ಪರಮಾಣು ಇಂಥ ಜಾಗದಲ್ಲಿದೆ, ಇಂಥ ದಿಕ್ಕಿಗೆ ಮುಖ ಮಾಡಿದೆ ಎಂದಷ್ಟೇ. ಐವತ್ತು ವರ್ಷ ಕಳೆದರೂ ಆ ಮಾತಿನಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿ ಬಂದಿಲ್ಲ. ಕಿಣ್ವದ ಕೆಲಸ ಮಾಡಿದವರೂ ಕಲ್ಲಿನ ಕೆಲಸ ಮಾಡಿದವರೂ ಆರಂಭಿಸಿದ್ದು ಆ ಆಕಾರವನ್ನು ನಂಬಿ. ಕಾಚಂಪುಳಿಯ ಹೆಸರಿನಲ್ಲಿ ಯಾರಾದರೂ ಹೊಸ ಗುಳಿಗೆ ಮಾರಲು ಬಂದರೆ ಕೊಡಗಿನವರು ಅದೇ ಬಗೆಯ ಖಚಿತ ಉತ್ತರ ಕೇಳಬೇಕು: ಎಷ್ಟು ಜನರ ಮೇಲೆ, ಎಷ್ಟು ವಾರ ಪರೀಕ್ಷಿಸಿದಿರಿ, ಸತ್ವಹೀನ ಗುಳಿಗೆ ತಿಂದವರ ತೂಕ ಎಷ್ಟು ಇಳಿಯಿತು? ಉತ್ತರ ಬರುವವರೆಗೆ ಆ ಕಪ್ಪು ಹುಳಿ ಅಡುಗೆಮನೆಯಲ್ಲಿಯೇ ಇರಲಿ.